ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?



ಕಳೆದ ತಿಂಗಳು ಸಂಘದ ಕಾರ್ಯಕ್ರಮ ಮುಗಿಸಿ ನಿಮ್ಮಲ್ಲಿ ನಾಲ್ಕೈದು ಜನರ ಜೊತೆ ನಡೆದು ಬರುತ್ತಿದ್ದೆ. ಸಂಗಮ ಸೇತುವೆಯ ಮೇಲೆ ಬಂದ ಕೂಡಲೇ ಎಲ್ಲರ ಕೈಯೂ ಮೂಗಿಗೆ ಹೋಯಿತು. "ಈ ಫ್ಯಾಕ್ಟರಿಯವರನ್ನ ಜೇಲಿಗೆ ಹಾಕಬೇಕು, ಕಾಕು" ಎಂದ ಒಬ್ಬ. ಉಳಿದವರು ಹೌದೆಂದು ತಲೆ ಆಡಿಸಿದಿರಿ. ನಾನು ಏನೂ ಅನ್ನಲಿಲ್ಲ. ಯಾಕೆಂದರೆ ಅಂದು ಬೆಳಿಗ್ಗೆಯೇ ಒಡೆದುಹೋದ ಒಂದು ಲೀಟರ್ ಹಾಲನ್ನು ಸಿಂಕಿಗೆ ಸುರಿದು, ಮೇಲೊಂದು ಚೆಂಬು ನೀರು ಹಾಕಿ ಕೈ ತೊಳೆದುಕೊಂಡು ಬಂದಿದ್ದೆ. ಆ ಹಾಲಿನ ಲೆಕ್ಕ ಮುಂದೆ ಹೇಳುತ್ತೇನೆ.

ನಾನು ಚಿಕ್ಕವಳಿದ್ದಾಗ ಅಫಜಲಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಅದು ಹಿತ್ತಲಿನ ಬಾಳೆಗಿಡಕ್ಕೆ ಹೋಗುತ್ತಿತ್ತು, ಕಣ್ಣಿಗೆ ಕಾಣುತ್ತಿತ್ತು. ಮದುವೆಯಾಗಿ ಪುಣೆಗೆ ಬಂದ ಮೇಲೆ ಅದು ಗೋಡೆಯೊಳಗಿನ ಪೈಪಿಗೆ ಇಳಿಯಿತು. ಮೂವತ್ತು ವರ್ಷ ನಾನು ಅದರ ಯೋಚನೆಯನ್ನೇ ಮಾಡಲಿಲ್ಲ.

ಅದು ಹೋಗುವ ದಾರಿ ಇದು. ನಮ್ಮ ಪೈಪಿನಿಂದ ಬೀದಿಯ ಗಟಾರಕ್ಕೆ, ಗಟಾರದಿಂದ ನಾಲೆಗೆ, ನಾಲೆಯಿಂದ ಮುಠಾ ನದಿಗೆ. ಸಂಗಮದಲ್ಲಿ ಮುಠಾ ಮುಳೆಯನ್ನು ಕೂಡುತ್ತದೆ. ಮುಳಾ-ಮುಠಾ ಮುಂದೆ ಭೀಮೆಗೆ ಸೇರುತ್ತದೆ. ಭೀಮೆಯ ನೀರು 1980ರಲ್ಲಿ ಕಟ್ಟಿ ಮುಗಿಸಿದ ಉಜನಿ ಅಣೆಕಟ್ಟಿನಲ್ಲಿ ನಿಲ್ಲುತ್ತದೆ, ಸೊಲ್ಲಾಪುರದ ನಲ್ಲಿಗಳಿಗೆ ಹೋಗುತ್ತದೆ. ಆ ಊರಲ್ಲಿ ಎಷ್ಟು ಕನ್ನಡದ ಮನೆಗಳಿವೆ ಎಂದು ನಿಮಗೆ ಬೇರೆ ಹೇಳಬೇಕೇ? ಅಣೆಕಟ್ಟಿನ ಕೆಳಗೆ ಪಂಢರಪುರ. ಅಲ್ಲಿ ಭೀಮೆಗೆ ಚಂದ್ರಭಾಗಾ ಎಂದು ಹೆಸರು. ಆಮೇಲೆ ನಮ್ಮ ಕರ್ನಾಟಕ, ನಮ್ಮ ಗಾಣಗಾಪುರ. ಅಲ್ಲಿಯೂ ಒಂದು ಸಂಗಮ ಉಂಟು, ಭೀಮಾ-ಅಮರಜಾ ಸಂಗಮ. ಅಂದರೆ ನಾವು ಮೂಗು ಮುಚ್ಚಿಕೊಂಡು ದಾಟಿದ ಸಂಗಮದ ನೀರಿಗೂ, ನಮ್ಮ ಹಿರಿಯರು ಮೂಗು ಹಿಡಿದು ಮುಳುಗು ಹಾಕುವ ಸಂಗಮದ ನೀರಿಗೂ ನಂಟಿದೆ!

ಇದನ್ನೆಲ್ಲ ನನಗೆ ಕಲಿಸಿದವಳು ನಿಮ್ಮಲ್ಲೇ ಒಬ್ಬಳು. ನಮ್ಮ ಸೊಸೈಟಿಯ ಪಕ್ಕದ ವಿಂಗಿನ ಹುಡುಗಿ, ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಾಳೆ. ಹೆಸರು ಬರೆಯಬೇಡಿ ಕಾಕು ಎಂದಿದ್ದಾಳೆ, ಹಾಗಾಗಿ ಬರೆಯುವುದಿಲ್ಲ. ಅವಳ ಪ್ರಾಜೆಕ್ಟಿಗೆ ನದಿಯ ನೀರಿನ ಮಾದರಿಗಳು ಬೇಕಿದ್ದವು. ಬಾಟಲಿ ಹಿಡಿಯಲು ಒಬ್ಬರು ಬೇಕೆಂದಳು. ನಾನು ಓದಿದ್ದು ಬಿ.ಎ., ಅದೂ ಇಂಗ್ಲಿಷ್ ಸಾಹಿತ್ಯ. ವಿಜ್ಞಾನಕ್ಕೂ ನನಗೂ ಹತ್ತನೆಯ ತರಗತಿಗೇ ಋಣ ತೀರಿತ್ತು. ಆದರೂ ಬಾಟಲಿ ಹಿಡಿಯಲು ಪದವಿ ಬೇಡವಲ್ಲ, ಹೊರಟೆ.

ಬೇಕಾಗಿದ್ದು ಪದವಿಯಲ್ಲ, ಮಡಿ! ನಮ್ಮ ಅತ್ತೆಯವರ ಮಡಿಗಿಂತ ಅವಳ ಮಡಿ ಕಟ್ಟುನಿಟ್ಟು. ದಡದ ನೀರು ತುಂಬಬಾರದು, ಹರಿವಿನ ನಡುವಿನದೇ ಆಗಬೇಕು. ಮೇಲಿನ ನೊರೆ ಬೇಡ, ಒಂದು ಅಡಿ ಕೆಳಗಿನ ನೀರು ಬೇಕು. ಬಾಟಲಿಯ ಬಾಯಿ ನೀರು ಬರುವ ದಿಕ್ಕಿಗೆ ಇರಬೇಕು. ಕ್ರಿಮಿಗಳ ಪರೀಕ್ಷೆಯ ಬಾಟಲಿಯನ್ನು ಮೊದಲೇ ಬೇಯಿಸಿ ಶುದ್ಧ ಮಾಡಿರುತ್ತಾರೆ, ಅದರ ಬಾಯಿಯನ್ನು ಬೆರಳಿಂದ ಮುಟ್ಟುವಂತಿಲ್ಲ. ಆಮ್ಲಜನಕದ ಬಾಟಲಿಯಲ್ಲಿ ಗಾಳಿಯ ಒಂದು ಗುಳ್ಳೆಯೂ ಉಳಿಯಬಾರದು. ತುಂಬಿದ ಬಾಟಲಿಗಳು ಐಸ್ ಡಬ್ಬಿಗೆ ಹೋಗಬೇಕು. ಎರಡು ಸಲ ನನ್ನಿಂದ ತಪ್ಪಾಗಿ ಎರಡು ಬಾಟಲಿ ಚೆಲ್ಲಿಸಿದಳು.

ಮೊದಲ ಮಾದರಿಯನ್ನು ಊರ ಮೇಲ್ಗಡೆ, ಖಡಕವಾಸಲಾ ಅಣೆಕಟ್ಟಿನ ಹತ್ತಿರ ತೆಗೆದೆವು. ಅವಳು ಪೆಟ್ಟಿಗೆಯಿಂದ ಎರಡು ಔಷಧಿ ತೆಗೆದು ಬಾಟಲಿಗೆ ಒಂದೊಂದು ಸಣ್ಣ ಅಳತೆ ಹಾಕಿ, ಬಿರಡೆ ಒತ್ತಿ, ತಲೆಕೆಳಗು ಮಾಡಿ ಅಲ್ಲಾಡಿಸಿದಳು. ನೀರೆಲ್ಲ ಗಟ್ಟಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ, ಕಂದು ಮಡ್ಡಿ ಮೆಲ್ಲಗೆ ತಳಕ್ಕೆ ಇಳಿಯಿತು. "ಇದು ಉಸಿರು, ಕಾಕು" ಎಂದಳು. ನೀರಿನಲ್ಲಿ ಕರಗಿದ ಆಮ್ಲಜನಕ ಮ್ಯಾಂಗನೀಸನ್ನು ಹಿಡಿದುಕೊಂಡಾಗ ಆ ಕಂದು ಬಣ್ಣ ಬರುತ್ತದಂತೆ. ಆಮೇಲೆ ಆಮ್ಲ ಹಾಕಿ, ಗಂಜಿ ಹಾಕಿ (ಹೌದು, ನಮ್ಮ ಸೀರೆಗೆ ಹಾಕುವ ಗಂಜಿಯೇ!) ನೀಲಿ ಮಾಡಿ, ಮತ್ತೊಂದು ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾರೆ. ಯಾವ ಹನಿಗೆ ನೀಲಿ ಮಾಯವಾಗುತ್ತದೋ ಅಲ್ಲಿಗೆ ಲೆಕ್ಕ. ಹಂಗೇರಿಯ ವಿಂಕ್ಲರ್ ಎಂಬಾತ 1888ರಲ್ಲಿ ಕಂಡುಹಿಡಿದ ವಿಧಾನ, ಈಗಲೂ ಕಾಲೇಜುಗಳಲ್ಲಿ ಅದನ್ನೇ ಕಲಿಸುತ್ತಾರೆ. ನಮ್ಮ ಬಿಸಿಲ ನಾಡಿನ ಒಳ್ಳೆಯ ನೀರಿನಲ್ಲಿ ಲೀಟರಿಗೆ ಏಳೆಂಟು ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಸ್ನಾನಕ್ಕೆ ಯೋಗ್ಯ ಅನ್ನಿಸಿಕೊಳ್ಳಲು 5 ಇರಬೇಕು, ಮೀನು ಬದುಕಲು 4.

ಮಧ್ಯಾಹ್ನ ಊರೊಳಗೆ ಬಂದೆವು. ಸೇತುವೆಯಿಂದ ಹಗ್ಗ ಕಟ್ಟಿ ಬಕೆಟ್ ಬಿಟ್ಟೆವು. ಅದೇ ಬಾಟಲಿ, ಅದೇ ಎರಡು ಔಷಧಿ. ಈ ಸಲ ಕಂದು ಬರಲಿಲ್ಲ. ಮೊಸರು ಒಡೆದಂತೆ ಬಿಳಿ ಮಡ್ಡಿ ಬಂತು, ಬಿಳಿಯಾಗಿಯೇ ಉಳಿಯಿತು. ನಾನು, "ಔಷಧಿ ಕೆಟ್ಟಿದೆಯೇನೇ?" ಎಂದೆ. ಅವಳು ಮಾತಾಡಲಿಲ್ಲ. ಇನ್ನೊಂದು ಬಾಟಲಿ ತುಂಬಿ ಮತ್ತೆ ಮಾಡಿದಳು. ಅದೂ ಬಿಳಿ. ಬಿಳಿ ಎಂದರೆ ಆಮ್ಲಜನಕ ಇಲ್ಲ. ಬೆಳಿಗ್ಗೆ ಅಲ್ಲಿ ಕಂಡ ನದಿಗೆ ಇಲ್ಲಿ ಉಸಿರೇ ಇರಲಿಲ್ಲ. ಅಷ್ಟು ವರ್ಷ ನಾನು ಅದನ್ನು ಗಬ್ಬು ನಾತದ ನದಿ ಎಂದು ಬೈದಿದ್ದೆ. ಸತ್ತಿದೆ ಎಂದು ತಿಳಿದಿರಲಿಲ್ಲ.

ಇಂಗ್ಲಿಷ್ ಓದಿದವಳಾದ್ದರಿಂದ ನನಗೆ ಥೇಮ್ಸ್ ನೆನಪಾಯಿತು. 1855ರ ಜುಲೈಯಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ದೋಣಿಯಲ್ಲಿ ಹೋಗುತ್ತ ಬಿಳಿ ಕಾರ್ಡುಗಳನ್ನು ಹರಿದು, ಒದ್ದೆ ಮಾಡಿ, ಪ್ರತಿ ಕಟ್ಟೆಯ ಬಳಿ ನೀರಿಗೆ ಬಿಟ್ಟ. ಒಳ್ಳೆ ಬಿಸಿಲಿದ್ದರೂ ಚೂರುಗಳು ಒಂದು ಅಂಗುಲ ಇಳಿಯುವ ಮೊದಲೇ ಕಾಣದಂತಾದವು. ಅಷ್ಟೇ ಪರೀಕ್ಷೆ. ಅದನ್ನು ಪತ್ರ ಬರೆದು ಟೈಮ್ಸ್ ಪತ್ರಿಕೆಗೆ ಕಳಿಸಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರು ವರ್ಷದ ನಂತರ, 1858ರ ಬೇಸಿಗೆಯಲ್ಲಿ, ನಾತ ಪಾರ್ಲಿಮೆಂಟಿನ ಕಿಟಕಿಯೊಳಗೆ ಬಂದಾಗ ಒಳಚರಂಡಿಗೆ ದುಡ್ಡು ಸಿಕ್ಕಿತು. ಎಲ್ಲ ಊರಲ್ಲೂ ಅದೇ ಕಥೆ, ಸಾಹೇಬರ ಮೂಗಿನವರೆಗೆ ಬರಬೇಕು.

ನದಿಯ ಉಸಿರನ್ನು ಕಸಿಯುವವರು ಯಾರು? ಇಲ್ಲೇ ಆ ಹಾಲಿನ ಲೆಕ್ಕ ಬರುತ್ತದೆ. ನೀರಿಗೆ ಬಿದ್ದ ಅನ್ನ, ಎಣ್ಣೆ, ಹಾಲು, ಮಲ ಇವನ್ನು ತಿನ್ನಲು ಬ್ಯಾಕ್ಟೀರಿಯಾಗಳು ಮುತ್ತಿಕೊಳ್ಳುತ್ತವೆ. ತಿನ್ನುವಾಗ ನೀರಿನಲ್ಲಿರುವ ಆಮ್ಲಜನಕವನ್ನೂ ಎಳೆದುಕೊಳ್ಳುತ್ತವೆ. ಎಷ್ಟು ಎಳೆದುಕೊಳ್ಳುತ್ತವೆ ಎಂಬ ಅಳತೆಗೆ ಬಿ.ಒ.ಡಿ. ಎನ್ನುತ್ತಾರೆ. ಬಾಟಲಿಯನ್ನು ಕತ್ತಲಲ್ಲಿ ಮುಚ್ಚಿಟ್ಟು, ಮೊದಲು ಎಷ್ಟಿತ್ತು, ಕೊನೆಗೆ ಎಷ್ಟು ಉಳಿಯಿತು ಎಂದು ನೋಡುವುದು. ಬ್ರಿಟನ್ನಿನ ರಾಯಲ್ ಕಮಿಷನ್ 1912ರಲ್ಲಿ ಇದಕ್ಕೆ ಐದು ದಿನ ಎಂದು ಗೊತ್ತುಮಾಡಿತು. ಅಲ್ಲಿಯ ಯಾವ ನದಿಯ ನೀರೂ ಸಮುದ್ರ ಸೇರಲು ಐದು ದಿನಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ, ಅದಕ್ಕೇ ಐದು ಎಂದು ಹೇಳಿಕೆ. ನಮ್ಮ ದೇಶದಲ್ಲಿ 27 ಡಿಗ್ರಿಯಲ್ಲಿ ಮೂರು ದಿನ ಇಡುತ್ತಾರೆ. ಸೆಕೆಯಲ್ಲಿ ಹಿಟ್ಟು ಬೇಗ ಹುಳಿ ಬರುವುದಿಲ್ಲವೇ, ಹಾಗೆಯೇ ಇದೂ. ಸ್ನಾನದ ನೀರಿಗೆ ಬಿ.ಒ.ಡಿ. 3 ಮೀರಬಾರದು. ಮನೆಗಳ ಕೊಳಚೆಯಲ್ಲಿ ಸಾಮಾನ್ಯವಾಗಿ 200ರಿಂದ 300 ಇರುತ್ತದೆ. ಹಾಲಿನಲ್ಲಿ? ಸುಮಾರು ಒಂದು ಲಕ್ಷ! ನಾನು ಸುರಿದ ಒಂದು ಲೀಟರ್ ಹಾಲನ್ನು ಸ್ನಾನದ ಮಟ್ಟಕ್ಕೆ ತರಬೇಕಾದರೆ ಸುಮಾರು 33,000 ಲೀಟರ್ ಶುದ್ಧ ನೀರು ಬೇಕು. ಬೇಸಿಗೆಯಲ್ಲಿ ನಮ್ಮ ಸೊಸೈಟಿಗೆ ಬರುವ ಹತ್ತು ಸಾವಿರ ಲೀಟರಿನ ಟ್ಯಾಂಕರಿನ ಲೆಕ್ಕದಲ್ಲಿ ಮೂರಕ್ಕೂ ಹೆಚ್ಚು ಟ್ಯಾಂಕರ್. ಅಂದಿನಿಂದ ಒಡೆದ ಹಾಲು ನಮ್ಮ ಮನೆಯಲ್ಲಿ ಪನೀರ್ ಆಗುತ್ತದೆ, ಯಾರಿಗೆ ಬೇಕೋ ಬೇಡವೋ.

ಪುಣೆಯಲ್ಲಿ ನದಿಗೆ ಬೀಳುವ ಹೊಲಸಿನಲ್ಲಿ ದೊಡ್ಡ ಪಾಲು ಫ್ಯಾಕ್ಟರಿಯದಲ್ಲ, ಮನೆಗಳದು. ನಗರದ ಕೊಳಚೆಯನ್ನು ಶುದ್ಧ ಮಾಡಲು ಜಪಾನಿನ ಸಾಲದ ನೆರವಿನಿಂದ 11 ಘಟಕಗಳನ್ನು ಕಟ್ಟುವ, 990 ಕೋಟಿ ರೂಪಾಯಿಯ ಯೋಜನೆಗೆ 2016ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿತು. ಕೆಲಸ ವರ್ಷಗಟ್ಟಲೆ ತಡವಾಯಿತು. ಅದನ್ನು ಬೈಯುವುದು ಸುಲಭ, ನಾನೂ ಬೈದಿದ್ದೇನೆ. ಆದರೆ ನಮ್ಮ ಸೊಸೈಟಿಯ ಹಿಂಬದಿಯಲ್ಲೇ ಒಂದು ಎಸ್.ಟಿ.ಪಿ. ಇದೆಯಲ್ಲ? ಹುಡುಗಿ ಒಂದು ದಿನ, "ಅದನ್ನೂ ನೋಡೋಣ ಕಾಕು" ಎಂದಳು. ಮಕ್ಕಳೇ, ಈ ಭಾಗ ಬರೆಯಲು ನನಗೆ ಸ್ವಲ್ಪ ಕಷ್ಟ. ಆದರೂ ಬರೆಯುತ್ತೇನೆ.

ಗಟಾರದ ನೀರನ್ನು ಒಂದೇ ಸಲ ತುಂಬಿ ನೋಡಿದರೆ ಅದು ಆ ಗಳಿಗೆಯ ಸತ್ಯವನ್ನು ಮಾತ್ರ ಹೇಳುತ್ತದೆ. ಆದ್ದರಿಂದ ಅವಳು ಬೆಳಿಗ್ಗೆ ಹತ್ತಕ್ಕೆ, ಸಂಜೆ ಆರಕ್ಕೆ, ರಾತ್ರಿ ಹನ್ನೊಂದಕ್ಕೆ, ಮರುದಿನ ನಸುಕಿನ ಐದಕ್ಕೆ, ಹೀಗೆ ನಾಲ್ಕು ಮಾದರಿ ತೆಗೆದಳು. ಹತ್ತರದ್ದು ತಿಳಿಯಾಗಿತ್ತು, ಕಾಲೇಜಿನ ಲ್ಯಾಬಿನಲ್ಲಿ ಬಿ.ಒ.ಡಿ. ಕೂಡ ಮಿತಿಯೊಳಗೆ ಬಂತು. ಐದರದ್ದು ಕಪ್ಪಗಿತ್ತು, ಕೊಳೆತ ಮೊಟ್ಟೆಯ ವಾಸನೆ, ಮಿತಿಯ ಹಲವು ಪಟ್ಟು. ಘಟಕದ ಹುಡುಗನಿಗೆ ಚಹಾ ಕೊಟ್ಟು ಕೇಳಿದೆ. ಅವನು ನೆಲ ನೋಡುತ್ತ, "ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬ್ಲೋವರ್ ಬಂದ್ ಮಾಡಂತ ಕಮಿಟಿಯವರು ಹೇಳ್ಯಾರ್ರೀ" ಎಂದ. ಬ್ಲೋವರ್ ಅಂದರೆ ಘಟಕದ ತೊಟ್ಟಿಗೆ ಗಾಳಿ ಊದುವ ಯಂತ್ರ. ಅದು ನಿಂತರೆ ಹೊಲಸು ತಿನ್ನುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೇ ಉಸಿರುಕಟ್ಟುತ್ತದೆ. ನಿಲ್ಲಿಸಿದ್ದು ಯಾಕೆ? ಕರೆಂಟ್ ಬಿಲ್ಲಿಗೆ. ಕಮಿಟಿಯ ಖಜಾಂಚಿ ಯಾರು? ನಮ್ಮ ಯಜಮಾನರು!

ಆ ರಾತ್ರಿ ನಮ್ಮ ಮನೆಯಲ್ಲಿ ಊಟ ಮೌನವಾಗಿ ನಡೆಯಿತು. ಕೊನೆಗೆ ಅವರೇ, "ಹೋದ ವರ್ಷ ಮೇಂಟೆನೆನ್ಸ್ ಹೆಚ್ಚು ಮಾಡೋದು ಬೇಡ ಅಂತ ಕೈ ಎತ್ತಿದವರೊಳಗ ನೀನೂ ಇದ್ದಿ" ಎಂದರು. ಇದ್ದೆ. ಅದು ನಿಜ. ಮರುವಾರದ ಸಭೆಯಲ್ಲಿ ಹುಡುಗಿ ನಾಲ್ಕು ಬಾಟಲಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು, ಭಾಷಣ ಮಾಡಲಿಲ್ಲ. ಒಬ್ಬರು, "ನದಿ ನಮ್ಮ ಗೇಟಿನ ಮುಂದೆ ಹರಿಯುತ್ತದೆಯೇ?" ಎಂದರು. ಇನ್ನೊಬ್ಬರು, "ಎಲ್ಲ ಸೊಸೈಟಿಯವರೂ ಹೀಗೇ ಮಾಡ್ತಾರೆ" ಎಂದರು. ಎರಡು ತಾಸು ಜಗಳವಾಗಿ, ಮನೆಗೆ ತಿಂಗಳಿಗೆ 140 ರೂಪಾಯಿ ಹೆಚ್ಚು ಕೊಡುವುದೆಂದಾಯಿತು. ಏಳು ಮನೆಯವರು ಇನ್ನೂ ಕೊಟ್ಟಿಲ್ಲ. ಬ್ಲೋವರ್ ಓಡುತ್ತಿದೆ ಎನ್ನುತ್ತಾರೆ. ನಾನು ಒಮ್ಮೊಮ್ಮೆ ನಸುಕಿನಲ್ಲಿ ಚೆಂಬು ಹಿಡಿದು ಹಿಂಬದಿಗೆ ಹೋಗುತ್ತೇನೆ, ವಾಕಿಂಗ್ ಎಂದು ಹೇಳಿ.

ನಿಮ್ಮಲ್ಲಿ ಕಾನೂನು ಓದುವವರೂ ಇದ್ದೀರಿ, ಒಂದು ವಿಷಯ ತಿಳಿದಿರಲಿ. 1974ರ ಜಲ ಕಾಯ್ದೆಯ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಕೊಳಚೆಯ ಮಾದರಿ ತೆಗೆಯುವಾಗ ಮಾಲೀಕನಿಗೆ ತಿಳಿಸಿ, ಅವನ ಎದುರೇ ಎರಡು ಭಾಗ ಮಾಡಿ, ಮೊಹರು ಹಾಕಿ, ಸಹಿ ಪಡೆಯಬೇಕು. ಆಗಲೇ ಕೋರ್ಟಿನಲ್ಲಿ ಸಾಕ್ಷಿ. ನಮ್ಮ ಬಾಟಲಿಗೆ ಆ ಮಾನ ಇಲ್ಲ. ಆದರೆ ನಮ್ಮ ಬಾಟಲಿ ತೋರಿಸಿ ಅವರ ಬಾಟಲಿಯನ್ನು ತರಿಸಬಹುದು. 60 ದಿನದ ನೋಟಿಸು ಕೊಟ್ಟು ಸಾಮಾನ್ಯ ನಾಗರಿಕನೂ ನ್ಯಾಯಾಲಯಕ್ಕೆ ಹೋಗಬಹುದು.

ಗಟಾರದ ನೀರನ್ನು ನೋಡುವುದು ಹೇಸಿಗೆಯ ಕೆಲಸ ಎಂದುಕೊಳ್ಳಬೇಡಿ. ಮುಂಬಯಿಯಲ್ಲಿ 2001ರಿಂದ ಗಟಾರದ ನೀರಿನಲ್ಲೇ ಪೋಲಿಯೊ ವೈರಸ್ಸನ್ನು ಹುಡುಕುತ್ತ ಬಂದರು. 2010ರ ನವೆಂಬರಿನ ನಂತರ ಅಲ್ಲಿ ನಿಜವಾದ ಪೋಲಿಯೊ ಕಾಡುವೈರಸ್ ಸಿಗದೇ ಹೋದದ್ದು ದೇಶಕ್ಕೇ ಶುಭಸುದ್ದಿಯಾಯಿತು. ನಮ್ಮ ಪುಣೆಯಲ್ಲೇ 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಕಡೆ ಜಿ.ಬಿ.ಎಸ್. ಎಂಬ ನರಗಳ ಕಾಯಿಲೆ ಹಬ್ಬಿ ಪಟ್ಟಿಯಲ್ಲಿ 200ಕ್ಕೂ ಹೆಚ್ಚು ಜನರಾದರಲ್ಲ? ರೋಗಿಗಳ ಮಾದರಿಗಳಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಹೊಲಸು ನೀರಿನಿಂದ ಬರುವಂಥದ್ದು. ಆ ವಾರಗಳಲ್ಲಿ ನಾವೆಲ್ಲ ನೀರು ಕುದಿಸಿ ಕುದಿಸಿ ಗ್ಯಾಸ್ ಖಾಲಿ ಮಾಡಿದ್ದು ನೆನಪಿದೆಯೇ?

ಇನ್ನು ನಮ್ಮ ಅತ್ತೆಯವರ ವಿಷಯ. ಅವರಿಗೆ ಎಂಬತ್ತಮೂರು. ವರ್ಷಕ್ಕೊಮ್ಮೆ ನನ್ನ ಮೈದುನ ಗಾಣಗಾಪುರದಿಂದ ಸಂಗಮದ ತೀರ್ಥ ತರುತ್ತಾರೆ. ಅತ್ತೆ ಅದನ್ನು ತಾಮ್ರದ ಗಿಂಡಿಯಲ್ಲಿ ತುಂಬಿ ದೇವರ ಮುಂದೆ ಇಟ್ಟು ಮನೆಗೆ ಬಂದವರಿಗೆಲ್ಲ ಒಂದು ಉದ್ಧರಣೆ ಕೊಡುತ್ತಾರೆ. ಹುಡುಗಿಗೂ ಕೊಟ್ಟರು. ಅವಳು ಅಂಗೈಯಲ್ಲಿ ಹಿಡಿದು ನನ್ನ ಮುಖ ನೋಡಿದಳು. 2018ರ ಕೇಂದ್ರ ಮಂಡಳಿಯ ಮಲಿನ ನದಿಗಳ ಪಟ್ಟಿಯಲ್ಲಿ ಕರ್ನಾಟಕದ 17 ಕಡೆಗಳಲ್ಲಿ ಭೀಮೆಯೂ ಇತ್ತು, ಗಾಣಗಾಪುರದಿಂದ ಯಾದಗಿರಿಯವರೆಗೆ. ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಅತ್ತೆಗೆ ಹೇಳುವವರು ಯಾರು?

ಹುಡುಗಿಯೇ ಧೈರ್ಯ ಮಾಡಿದಳು. "ಅಜ್ಜಿ, ಇದನ್ನ ಸ್ವಲ್ಪ ಬಾಟ್ಲಿಯೊಳಗ ಹಾಕಿ ನೋಡ್ಲೇನ್ರಿ?" ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯದ ಮಂಜಾ ಮತ್ತು ಜೊತೆಗಾರರು 1982ರಲ್ಲಿ ತೋರಿಸಿಕೊಟ್ಟ ಸುಲಭ ಪರೀಕ್ಷೆ ಅದು. ಬಾಟಲಿಯಲ್ಲಿ ಔಷಧಿ ಹಚ್ಚಿದ ಒಂದು ಕಾಗದ ಇರುತ್ತದೆ. ನೀರು ತುಂಬಿ ಬೆಚ್ಚಗೆ ಇಟ್ಟರೆ, ಮಲದ ಸೋಂಕಿದ್ದಾಗ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಎರಡು ಬಾಟಲಿ ಇಟ್ಟಳು. ಒಂದರಲ್ಲಿ ಗಿಂಡಿಯ ತೀರ್ಥ, ಇನ್ನೊಂದರಲ್ಲಿ ಮೈದುನ ತಂದ ಪ್ಲಾಸ್ಟಿಕ್ ಕ್ಯಾನಿನಲ್ಲಿ ಉಳಿದ ಅದೇ ತೀರ್ಥ. ಮರುದಿನ ಕ್ಯಾನಿನದು ಕಾಡಿಗೆಯಂತೆ ಕಪ್ಪು. ಗಿಂಡಿಯದು ಹಾಗೇ ಇತ್ತು!

"ನೋಡಿದಿ?" ಎಂದರು ಅತ್ತೆ. ಅವರ ಮುಖದ ಗೆಲುವು ನೀವು ನೋಡಬೇಕಿತ್ತು. ಹುಡುಗಿ ನಕ್ಕು ಒಪ್ಪಿದಳು. ತಾಮ್ರದ ಪಾತ್ರೆಯಲ್ಲಿ ರಾತ್ರಿಯಿಡೀ ಇಟ್ಟ ನೀರಿನಲ್ಲಿ ಭೇದಿಯ ಕ್ರಿಮಿಗಳು ಸಾಯುತ್ತವೆ ಎಂದು ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ್ದಾರಂತೆ. "ಆದ್ರ ಅಜ್ಜಿ, ನೀರೊಳಗ ಇಳಿದ ತಾಮ್ರಾನೇ ನನ್ನ ಬಾಟ್ಲಿಯೊಳಗ ಕ್ರಿಮಿ ಬೆಳೀದ್ಹಂಗ ತಡದಿರಬಹುದು. ಉಪ್ಪು, ಗೊಬ್ಬರ, ಸೋಪಿನ ಅಂಶ ತಾಮ್ರಕ್ಕ ಹೋಗೂದಿಲ್ಲ" ಎಂದಳು. ನಾನು ಕೇಳಿದೆ, ಹಾಗಾದರೆ ಆ ಕಪ್ಪು ನಮ್ಮ ಪುಣೆಯದೇ? ಇರಲಿಕ್ಕಿಲ್ಲ ಎಂದಳು. ಕರುಳಿನ ಕ್ರಿಮಿಗಳು ನದಿಯಲ್ಲಿ ಅಷ್ಟು ದಿನ ಬದುಕುವುದಿಲ್ಲ, ನಡುವೆ ಉಜನಿಯಲ್ಲಿ ನೀರು ತಿಂಗಳುಗಟ್ಟಲೆ ನಿಂತಿರುತ್ತದೆ. ಕಪ್ಪು ಅಲ್ಲೇ ಹತ್ತಿರದ್ದು, ಹಳ್ಳಿಗಳದೋ, ದನಗಳದೋ, ಯಾತ್ರಿಕರದೋ. ನಮ್ಮ ಪಾಲು ಬೇರೆ ಕಡೆ ಕಾಣುತ್ತದೆ. ಇಲ್ಲಿಯವರು ಜಲಪರ್ಣಿ ಎನ್ನುವ, ನಮ್ಮ ಕಡೆ ಅಂತರಗಂಗೆ ಎನ್ನುವ ಕಳೆ ನದಿ ಮುಚ್ಚುವುದು, ಉಜನಿಯ ನೀರು ಪಾಚಿಯಿಂದ ಹಸಿರಾಗುವುದು ನಮ್ಮ ಮಲದ ಮತ್ತು ಸೋಪಿನ ಪೋಷಣೆಯಿಂದ.

ಅತ್ತೆ ಎಲ್ಲ ಕೇಳಿಸಿಕೊಂಡರು. "ಕುದಿಸಿ ಕೊಡ್ರಿ ಅಜ್ಜಿ" ಎಂದು ಹುಡುಗಿ ಅಂದಾಗ ಮಾತ್ರ, "ತೀರ್ಥ ಕುದಸ್ತಾರೇನ?" ಎಂದು ಗದರಿದರು. ಆದರೆ ಕ್ಯಾನಿನಲ್ಲಿ ಉಳಿದದ್ದನ್ನು ಕಣ್ಣಿಗೊತ್ತಿಕೊಂಡು ಬಾಗಿಲ ಮುಂದಿನ ಕುಂಡದ ಗಿಡಗಳಿಗೆ ಹಾಕಿದರು. ಈಗ ಬಂದವರಿಗೆ ಉದ್ಧರಣೆಯ ನೀರು ಕುಡಿಯಲು ಕೊಡುವುದಿಲ್ಲ, ತಲೆಗೆ ಪ್ರೋಕ್ಷಣೆ ಮಾಡುತ್ತಾರೆ. ಯಾಕೆಂದು ಅವರೂ ಹೇಳಿಲ್ಲ, ನಾವೂ ಕೇಳಿಲ್ಲ.

ಬರುವ ದತ್ತ ಜಯಂತಿಗೆ ಮೈದುನ ಮತ್ತೆ ಹೋಗುತ್ತಾರೆ. ಅವರ ಚೀಲದಲ್ಲಿ ಹುಡುಗಿ ಆರು ಬಾಟಲಿ ಇಟ್ಟು, ಒಂದು ಚೀಟಿಯಲ್ಲಿ ತನ್ನ ಓರೆಕೋರೆ ಕನ್ನಡದಲ್ಲೇ ಬರೆದಿದ್ದಾಳೆ: ಎರಡು ಘಾಟಿನ ಮೇಲ್ಗಡೆ, ಎರಡು ಘಾಟಿನಲ್ಲಿ, ಎರಡು ಕೆಳಗಡೆ, ಬಾಯಿ ಮುಟ್ಟಬಾರದು. ಚೀಟಿಯನ್ನು ಓದಿಸಿಕೊಂಡ ಅತ್ತೆ ಒಂದೇ ಮಾತು ಸೇರಿಸಿದರು: "ಜಳಕಾ ಮಾಡೂಕಿಂತ ಮೊದ್ಲ ತುಂಬಂತ ಹೇಳ್ರಿ ಅವಗ."